ರುಜುವೂ ರುಜುವಾತೂ

ಕಾಲೇಜೊಂದಕ್ಕೆ ನೂರು ತುಂಬಿತೆಂದರೆ ಹಬ್ಬ ಮಾಡಬೇಕಾದದ್ದೇ. ಅದರಲ್ಲಿಯೂ ವೈದ್ಯಕೀಯ ಕಾಲೇಜಾದರೆ ಅಲ್ಲಿ ಕಲಿತವರಷ್ಟೇ ಅಲ್ಲ, ಅಲ್ಲಿ ಬದುಕಿಕೊಂಡವರೂ ಸಂತೋಷಪಡಬೇಕು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1924ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, 1930ರಲ್ಲಿ ಮೈಸೂರಿಗೆ ಬಂದು ನೆಲೆಸಿದ ವೈದ್ಯಕೀಯ ಕಾಲೇಜಿಗೆ 2024ರಲ್ಲಿ ನೂರು ತುಂಬಿತು. 1953ರಲ್ಲಿ ಆರಂಭವಾದ ಮಣಿಪಾಲದ ಕಾಲೇಜಿಗೂ, 1955ರಲ್ಲಿ ಆರಂಭವಾದ ಬೆಂಗಳೂರಿನ ಕಾಲೇಜಿಗೂ 75ರ ಹಬ್ಬ ದೂರವಿಲ್ಲ. ಇಂಥ ಹಬ್ಬಗಳ ಬೆನ್ನಿಗೇ ಬರುವ ಒಂದು ಗೀಳನ್ನು ಕುರಿತು ಈಗಲೇ ನಾಲ್ಕು ಮಾತು ಆಡುವುದು ಒಳ್ಳೆಯದು.

ಅದು ರುಜುವಿನ ಗೀಳು. ಉತ್ಸವವೆಂದಮೇಲೆ ಸ್ಮರಣ ಸಂಚಿಕೆಯೋ, ಬೆಳ್ಳಿಯ ನಾಣ್ಯವೋ, ವಿಶೇಷ ಅಂಚೆ ಲಕೋಟೆಯೋ ಹೊರಬರುತ್ತದೆ. ಬಂದೊಡನೆಯೇ ವೇದಿಕೆಯ ಸುತ್ತ ನೂಕುನುಗ್ಗಲು. ಮಂತ್ರಿಗಳ ರುಜು, ಮುಖ್ಯ ಅತಿಥಿಗಳ ರುಜು, ಹೆಸರಾಂತ ಶಸ್ತ್ರವೈದ್ಯರ ರುಜು! ಸಂಚಿಕೆಯೊಳಗೆ ಏನಿದೆಯೆಂದು ನೋಡುವ ವ್ಯವಧಾನ ಯಾರಿಗೂ ಇಲ್ಲ. ಮೊದಲ ಪುಟದ ಶಾಯಿ ಕೆಡಬಾರದೆಂದು ಇಡೀ ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬೀರುವಿಗೆ ಸೇರಿಸುವವರೂ ಉಂಟು. ಓದಿದ ಪುಸ್ತಕಕ್ಕಿಂತ ಓದದ ಪುಸ್ತಕಕ್ಕೇ ಬೆಲೆ ಹೆಚ್ಚು!

ನಿರುಪದ್ರವಿಯಾದ ಹವ್ಯಾಸದ ಮೇಲೆ ಇಷ್ಟು ಕೋಪವೇಕೆಂದು ಕೇಳಬಹುದು. ಕಲಿಸಿದ ಗುರುವಿನ ಕೈಬರಹವನ್ನು ಶಿಷ್ಯನು ಕಾಪಾಡಿಕೊಂಡರೆ ಅದು ಭಕ್ತಿ. ಅದನ್ನು ಯಾರೂ ಹಳಿಯಲಾರರು. ನನ್ನ ತಕರಾರು ಬೇರೆ. ವೈದ್ಯನ ರುಜು ಸಿನಿಮಾ ನಟನ ರುಜುವಿನಂಥದಲ್ಲ. ಔಷಧದ ಚೀಟಿಯ ಕೆಳಗೆ, ಶವಪರೀಕ್ಷೆಯ ವರದಿಯ ಕೆಳಗೆ ಅವನು ರುಜು ಹಾಕಿದನೆಂದರೆ, ‘ಇದಕ್ಕೆ ನಾನು ಹೊಣೆ’ ಎಂದು ಅರ್ಥ. ನಮ್ಮ ನುಡಿಯಲ್ಲಿ ರುಜುವೂ ರುಜುವಾತೂ ಒಟ್ಟಿಗೆ ಬಾಳುವ ಮಾತುಗಳು. ಯಾವುದಕ್ಕೂ ರುಜುವಾತಾಗದ ರುಜು ಬರಿಯ ಶಾಯಿಯ ಗೀಟು.

ಆಸ್ಪತ್ರೆಯ ನಿಜವಾದ ಚರಿತ್ರೆಯಿರುವುದು ಈ ಹೊಣೆಯ ರುಜುಗಳಲ್ಲಿ. ಯಾವ ವರ್ಷ ಕಾಲರಾ ಬಂತು, ಹೆರಿಗೆಯಲ್ಲಿ ಎಷ್ಟು ತಾಯಂದಿರು ಉಳಿದರು, ಪೆನಿಸಿಲಿನ್ ಬರುವ ಮುನ್ನ ಕೀವುಗಟ್ಟಿದ ಗಾಯಕ್ಕೆ ಏನು ಮಾಡುತ್ತಿದ್ದರು ಎಂಬುದನ್ನು ಹೇಳಬಲ್ಲವು ಹಳೆಯ ವಾರ್ಡಿನ ರಿಜಿಸ್ಟರುಗಳೇ ಹೊರತು ಸನ್ಮಾನದ ಫಲಕಗಳಲ್ಲ. ಒಳರೋಗಿಗಳ ದಾಖಲೆಯನ್ನು ವೈದ್ಯರು 3 ವರ್ಷ ಇಟ್ಟಿರಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ವಿಧಿಸಿತು. ಚರಿತ್ರೆಗಾಗಿ ಉಳಿಸಿರೆಂದು ಹೇಳಲಿಲ್ಲ. ಆಮೇಲೆ ಅವುಗಳ ನಂಟರೆಂದರೆ ಗೆದ್ದಲು ಮತ್ತು ರದ್ದಿಯ ವ್ಯಾಪಾರಿ.

ಸಂಗ್ರಹ ಹೇಗಿರಬೇಕೆಂಬುದಕ್ಕೆ ವೈದ್ಯಲೋಕದಲ್ಲಿಯೇ ಮೇಲ್ಪಂಕ್ತಿಯುಂಟು. ಕೆನಡಾದಲ್ಲಿ ಹುಟ್ಟಿದ ಸರ್ ವಿಲಿಯಂ ಆಸ್ಲರ್ ವೈದ್ಯಶಾಸ್ತ್ರದ ಚರಿತ್ರೆಗೆ ಸೇರಿದ ಸಾವಿರಾರು ಗ್ರಂಥಗಳನ್ನು ಕೂಡಿಟ್ಟರು. ಬರಿದೇ ಕೂಡಿಡಲಿಲ್ಲ, ಯಾವ ಗ್ರಂಥ ಏಕೆ ಮುಖ್ಯವೆಂದು ಟಿಪ್ಪಣಿ ಬರೆದು ವಿವರಪಟ್ಟಿಯನ್ನು ಸಿದ್ಧಪಡಿಸತೊಡಗಿದರು. 1919ರಲ್ಲಿ ಅವರು ತೀರಿಕೊಂಡಾಗ ಪಟ್ಟಿ ಮುಗಿದಿರಲಿಲ್ಲ, ಅಚ್ಚಾದದ್ದು 1929ರಲ್ಲಿ. ಆ ಗ್ರಂಥಗಳು ಅವರು ಓದಿದ ಮೆಕ್‌ಗಿಲ್ ವಿಶ್ವವಿದ್ಯಾನಿಲಯಕ್ಕೆ ಸೇರಿದವು. ಸಂಗ್ರಹವೆಂದರೆ ಹೀಗೆ: ಒಬ್ಬನು ಕೂಡಿಡಬೇಕು, ಹತ್ತು ಜನ ಓದಬೇಕು.

ನಮ್ಮ ಉತ್ಸವ ಸಮಿತಿಗಳು ಮಾಡಬೇಕಾದದ್ದು ಕಷ್ಟದ ಕೆಲಸವೇನೂ ಅಲ್ಲ. ಹಿರಿಯ ವೈದ್ಯರೊಬ್ಬರ ರುಜು ಬೇಕೇ? ಅವರಿಂದ ಎರಡು ಪುಟ ನೆನಪು ಬರೆಯಿಸಿ, ಅದರ ಕೆಳಗೆ ರುಜು ಹಾಕಿಸಿರಿ. ಹಳೆಯ ಗುಂಪುಚಿತ್ರಗಳನ್ನು ಮುಂದಿಟ್ಟು, ಇವರು ಯಾರು, ಅವರು ಯಾರು ಎಂದು ಕೇಳಿ ಬರೆದುಕೊಳ್ಳಿರಿ. ಕುರ್ಚಿಯಲ್ಲಿ ಕುಳಿತವರ ಹೆಸರಷ್ಟೇ ಸಾಲದು, ಹಿಂದೆ ನಿಂತ ಕಾಂಪೌಂಡರ್, ನರ್ಸ್, ಜವಾನರ ಹೆಸರೂ ಇರಲಿ. ರೋಗಿಗಳ ಗುಟ್ಟು ಬಯಲಾಗದಂತೆ ಏರ್ಪಾಡು ಮಾಡಿ, ಉಳಿದಿರುವ ರಿಜಿಸ್ಟರುಗಳನ್ನು ಗ್ರಂಥಾಲಯದ ಬೀಗದೊಳಗೆ ಭದ್ರಪಡಿಸಿರಿ.

ಮಂತ್ರಿಗಳ ರುಜು ನಾಳೆಯೂ ಸಿಕ್ಕೀತು. ರುಜು ಹಾಕುವುದೇ ಅವರ ಉದ್ಯೋಗ. ಆದರೆ ಚಿತ್ರದಲ್ಲಿ ಹಿಂದೆ ನಿಂತ ಆ ನರ್ಸಮ್ಮನ ಹೆಸರನ್ನು ಬಲ್ಲವರು ಈಗ ಎಂಬತ್ತು ದಾಟಿದವರು. ಮುಂದಿನ ಹಬ್ಬದವರೆಗೆ ಅವರು ಕಾದಿರುತ್ತಾರೆಂಬ ಭರವಸೆಯನ್ನು ಯಾವ ವೈದ್ಯನೂ ರುಜು ಹಾಕಿ ಕೊಡಲಾರ.