ಅಪ್ರೆಂಟಿಸ್ ಹುಡುಗನೂ ನಮ್ಮವನೇ



ಮೊನ್ನೆ ವಿಶಾಖಪಟ್ಟಣದಲ್ಲಿ ನಮ್ಮ ಹಳೆಯ ಅಡಿಗೆ ಭಟ್ಟರ ಮಗ ಸಿಕ್ಕಿದ. ಋಷಿಕೊಂಡದ ಕಂಪೆನಿಯೊಂದರಲ್ಲಿ ಸಾಫ್ಟ್‌ವೇರ್ ಅಪ್ರೆಂಟಿಸ್. ಹಗಲೆಲ್ಲ ಹಿರಿಯರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು, ಭಾನುವಾರ ಸಮುದ್ರದ ದಂಡೆಯಲ್ಲಿ ಕ್ರಿಕೆಟ್. ಕೆಲಸ ಖಾಯಂ ಆದರೆ ತಂದೆಯನ್ನು ಒಲೆಯ ಮುಂದಿನಿಂದ ಬಿಡಿಸಬೇಕೆಂಬುದೇ ಅವನ ಆಸೆ.

"ಅಣ್ಣಾ, ರಾತ್ರಿ ಒಂಬತ್ತಾದರೂ ಬಿಡುವುದಿಲ್ಲ. ಕೇಳಿದರೆ, ನೀನು ಇನ್ನೂ ಕಲಿಯುವವನು ಅನ್ನುತ್ತಾರೆ" ಎಂದ.

ನನ್ನಿಂದಲೂ ಹೀಗೆಯೇ "ಮೊದಲು ಕೆಲಸ ಕಲಿ" ಎಂದು ಹೇಳಿ ಎರಡು ವರ್ಷ ಲೋಟ ತೊಳೆಸಿದ್ದರು.

1961ರ ಅಪ್ರೆಂಟಿಸ್ ಕಾಯಿದೆಯ 18ನೆಯ ಕಲಮಿನ ಪ್ರಕಾರ ಇವರು ಕಾರ್ಮಿಕರಲ್ಲ, ಕಲಿಯುವವರು. ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಡ್ಡಾಯವೂ ಇಲ್ಲ. ಆದರೆ ಅದೇ ಕಾಯಿದೆಯ 15ನೆಯ ಕಲಮು, ಅಪ್ರೆಂಟಿಸ್‌ಷಿಪ್ ಸಲಹೆಗಾರರ ಒಪ್ಪಿಗೆಯಿಲ್ಲದೆ ಓವರ್‌ಟೈಮ್ ಮಾಡಿಸಕೂಡದು ಎನ್ನುತ್ತದೆ. 18ನ್ನು ಓದುವ ಮಾಲೀಕರು 15ನ್ನೂ ಓದಲಿ!

ವಿಶಾಖಪಟ್ಟಣ, ವಿಜಯವಾಡಗಳಲ್ಲಿ ಮಕ್ಕಳನ್ನು ಇಂಥ ಕೆಲಸಕ್ಕೆ ಕಳಿಸಿರುವ ಬಂಧುಗಳು ಕರಾರುಪತ್ರ ನೋಂದಣಿಯಾಗಿದೆಯೇ ಎಂದು ಮೊದಲು ವಿಚಾರಿಸಬೇಕು. ತಕರಾರಿದ್ದರೆ ಸಲಹೆಗಾರರಿಗೆ ಅರ್ಜಿ ಕೊಡಬಹುದು. ಅರ್ಜಿ ಬರೆಯಲು ಸಂಘವಿದೆ. ಕಂಪ್ಯೂಟರಿನ ಮುಂದೆ ಕುಳಿತ ಮಾತ್ರಕ್ಕೆ ಹುಡುಗ ಸಾಹುಕಾರನಾಗಲಿಲ್ಲ, ಅವನೂ ದುಡಿಯುವವನೇ.