ಗ್ರಂಥದಲ್ಲಿಲ್ಲದ ಗಿಡಕ್ಕೆ ಯಾರ ಋಣ?

ಹುಳುಕಡ್ಡಿಗೆ ಸೀಮೆ ಅಗಸೆಯ ಸೊಪ್ಪನ್ನು ಅರೆದು ಹಚ್ಚುವ ರೂಢಿ ನಮ್ಮ ಘಟ್ಟದಲ್ಲಿಯೂ ಉಂಟು, ತುಮಕೂರಿನ ಬಯಲಿನಲ್ಲಿಯೂ ಉಂಟು. ಇಂತಹ ಸೊಪ್ಪು, ತೊಗಟೆ, ಬೇರುಗಳ ಸಾರದಿಂದ ಚರ್ಮದ ಸೋಂಕಿಗೆ ಮುಲಾಮು ತಯಾರಿಸುವ ಸಂಶೋಧನೆ ಈಗ ಔಷಧವಿಜ್ಞಾನ ಕಾಲೇಜುಗಳ ನಿತ್ಯದ ಕೆಲಸವಾಗಿದೆ.

ಮುಲಾಮು ಬೇಡವೆಂದು ನಾವು ಹೇಳುತ್ತಿಲ್ಲ. ಸ್ಟೀರಾಯ್ಡ್ ಬೆರೆತ ಮುಲಾಮುಗಳನ್ನು ಅಂಗಡಿಯಿಂದ ಕೇಳಿ ತಂದು ಹಚ್ಚಿ ಹಚ್ಚಿ, ಮದ್ದಿಗೆ ಬಗ್ಗದ ಹುಳುಕಡ್ಡಿ ದೇಶದಲ್ಲೆಲ್ಲ ಹಬ್ಬಿದೆ. ಹೊಸ ಮದ್ದು ಬೇಕೇ ಬೇಕು. (ಪ್ರಯೋಗಶಾಲೆಯ ತಟ್ಟೆಯಲ್ಲಿ ಸೂಕ್ಷ್ಮಜೀವಿ ಸತ್ತ ಮಾತ್ರಕ್ಕೆ ಮನುಷ್ಯನ ರೋಗವೇ ವಾಸಿಯಾಯಿತೆಂದು ಡಬ್ಬಿಯ ಮೇಲೆ ಬರೆಯುವವರ ಮಾತು ಬೇರೆ, ಅದಕ್ಕೆ ಇನ್ನೊಂದು ಲೇಖನವೇ ಬೇಕು.)

ನಮ್ಮ ತಕರಾರು ಋಣದ ಬಗ್ಗೆ. 2002ರ ಜೀವವೈವಿಧ್ಯ ಕಾಯ್ದೆಯು, ಸಸ್ಯಸಂಪತ್ತನ್ನು ವಾಣಿಜ್ಯಕ್ಕೆ ಬಳಸುವವರು ಲಾಭದ ಪಾಲನ್ನು ಹಂಚಿಕೊಳ್ಳಬೇಕೆಂದಿತು. ಇದು ದೇಶೀಯ ಕಂಪನಿಗಳಿಗೆ ಅನ್ವಯಿಸದೆಂಬ ದಿವ್ಯ ಫಾರ್ಮಸಿಯ ವಾದವನ್ನು ಉತ್ತರಾಖಂಡ ಹೈಕೋರ್ಟ್ 2018ರ ಡಿಸೆಂಬರಿನಲ್ಲಿ ತಳ್ಳಿಹಾಕಿತು. ಹಿಗ್ಗಿದವರಲ್ಲಿ ನಾವೂ ಇದ್ದೆವು. ಆ ಹಿಗ್ಗು ಬಹಳ ಕಾಲ ಉಳಿಯಲಿಲ್ಲ. 2023ರ ತಿದ್ದುಪಡಿಯು ಗ್ರಂಥಸ್ಥ ಪರಂಪರೆಯ ಜ್ಞಾನಕ್ಕೂ ಬೆಳೆಸಿದ ಔಷಧಿ ಸಸ್ಯಗಳಿಗೂ ವಿನಾಯಿತಿ ನೀಡಿತು. ‘ಇದು ಗ್ರಂಥದಲ್ಲಿದೆ’ ಎಂದರೆ ಮುಗಿಯಿತು, ಯಾರಿಗೂ ಏನನ್ನೂ ಕೊಡಬೇಕಾಗಿಲ್ಲ!

ಈ ವಾದವನ್ನು ತುಸು ಪರೀಕ್ಷಿಸೋಣ. ತಗಚೆಗೆ ಸಂಸ್ಕೃತದಲ್ಲಿ ದದ್ರುಘ್ನ, ಎಂದರೆ ಹುಳುಕಡ್ಡಿಯನ್ನು ಕೊಲ್ಲುವುದು, ಎಂಬ ಹೆಸರಿದೆ. ಅದು ಗ್ರಂಥದ್ದು, ಒಪ್ಪೋಣ. ಆದರೆ ಸೀಮೆ ಅಗಸೆ? ಹೆಸರೇ ಸಾರುವಂತೆ ಅದು ಹೊರಗಿನದು, ಅಮೆರಿಕ ಖಂಡದ ಉಷ್ಣವಲಯದಿಂದ ಬಂದದ್ದು. ಚರಕ, ಸುಶ್ರುತರ ಕಾಲಕ್ಕೆ ಅದರ ಒಂದೆಲೆಯೂ ಈ ನೆಲದಲ್ಲಿರಲಿಲ್ಲ. ಅದನ್ನು ಮದ್ದೆಂದು ರೂಢಿಯಲ್ಲಿ ಉಳಿಸಿಕೊಂಡು ಬಂದವರು ಬೇಲಿಯ ಬದಿಯ ಗಿಡವನ್ನು ಗುರುತಿಸಬಲ್ಲ ಅಜ್ಜಿಯರು. ಅವರ ತಿಳಿವಳಿಕೆಯನ್ನು ಯಾವ ಸಂಹಿತೆಯ ಖಾತೆಗೆ ಬರೆದುಕೊಳ್ಳುತ್ತೀರಿ?

ಅದನ್ನು ಊರಿನ ಹೆಸರಿನಲ್ಲಿ ಬರೆದಿಡಲೆಂದೇ ಜನತಾ ಜೀವವೈವಿಧ್ಯ ದಾಖಲಾತಿ ಇದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2020ರ ಜನವರಿ 31ರ ಗಡುವು ವಿಧಿಸಿ, ತಪ್ಪಿದ ರಾಜ್ಯಕ್ಕೆ ತಿಂಗಳಿಗೆ 10 ಲಕ್ಷ ರೂಪಾಯಿ ಎಂದ ಮೇಲೆ ಸರ್ಕಾರಗಳು ಎಚ್ಚೆತ್ತವು. ದಂಡದ ಭಯಕ್ಕೆ ತುಂಬಿದ ಪುಸ್ತಕ ಎಂತಹುದಿದ್ದೀತು?

ಗಿಡವೇ ಉಳಿಯದಿದ್ದರಂತೂ ಪುಸ್ತಕವೂ ವ್ಯರ್ಥ. ಗುಬ್ಬಿಯ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಗೊಂಡಿತು. ಕಾವಲೆಂದರೆ ಕಡತದಲ್ಲಿ ಖಾಲಿ ಜಾಗ. ದನಗಾಹಿಗೆ ಕುರುಚಲು ಕಾಡೇ ಮೇವಿನ ಕಣಜ, ಮದ್ದಿನ ಮನೆ. ಅಶೋಕದ ತೊಗಟೆಯನ್ನು ಮರ ಸಾಯುವಂತೆ ಸುಲಿದುದನ್ನು ಘಟ್ಟದಲ್ಲಿ ಕಂಡವರು ನಾವು. ಬಯಲಿನ ಗೆಳೆಯರಿಗೆ ಅದನ್ನು ಹೇಳದಿದ್ದರೆ ತಪ್ಪಾದೀತು.

ದೇವರಾಯನದುರ್ಗದ ತಪ್ಪಲಿನಿಂದಲೋ ಕುಣಿಗಲ್ಲಿನ ಹುತ್ರಿದುರ್ಗದ ಬುಡದಿಂದಲೋ ಗಿಡ ಒಯ್ಯುವ ಸಂಶೋಧಕರು ಮೊದಲು ಆ ಊರಿನ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ಕೇಳಲಿ. ಎಲೆ ಸಾಕಾಗುವಲ್ಲಿ ಬೇರು ಕೀಳದಿರಲಿ. ಪ್ರಬಂಧದಲ್ಲಿ ಗಿಡದ ಲ್ಯಾಟಿನ್ ಹೆಸರಿನೊಡನೆ ಊರಿನ ಹೆಸರನ್ನೂ ಬರೆಯಲಿ. ಕಾನೂನು ವಿನಾಯಿತಿ ಕೊಟ್ಟಿದೆಯೇ ಹೊರತು ಪಾಲು ಕೊಡಬಾರದೆಂದು ಎಲ್ಲಿಯೂ ನಿಷೇಧಿಸಿಲ್ಲ. ಗುಬ್ಬಿ, ಕುಣಿಗಲ್ಲಿನ ಓದುಗರು ಮುಂದಿನ ಗ್ರಾಮಸಭೆಯಲ್ಲಿ ತಮ್ಮ ಪಂಚಾಯಿತಿಯ ದಾಖಲಾತಿಯನ್ನು ಕೇಳಿ ಪಡೆದು, ಎಲ್ಲರೆದುರು ಗಟ್ಟಿಯಾಗಿ ಓದಿಸಬೇಕು. ಸೀಮೆ ಅಗಸೆ ಅದರಲ್ಲಿದೆಯೇ ಎಂದು ನಮಗೂ ಒಂದು ಕಾಗದ ಬರೆಯಿರಿ.