ಲೆಕ್ಕಕ್ಕೆ ಸಿಗದ ನಿರುದ್ಯೋಗ



ಸೇವೆಯಲ್ಲಿದ್ದಾಗ ನಾನು ಪರಿಶೀಲಿಸಿ ಸಹಿ ಮಾಡಿದ ಹಾಜರಿ ಪಟ್ಟಿಗಳಿಗೆ ಲೆಕ್ಕವಿಲ್ಲ. ಕಾಲುವೆ ಕೆಲಸಕ್ಕೆ ಬಂದ ಕೂಲಿಯವನು ಮಧ್ಯಾಹ್ನಕ್ಕೆ ಹೋದರೆ ಅರ್ಧ ಹಾಜರಿ. ಒಂದು ತಾಸು ಮಾಡಿ ಹೋದರೆ ಹಾಜರಿಯೇ ಇಲ್ಲ. ಹೀಗೆ ಅಳೆದು ರೂಢಿಯಾದ ನನಗೆ ಕೇಂದ್ರ ಸರ್ಕಾರದ ಉದ್ಯೋಗ ಸಮೀಕ್ಷೆಯ ಅಳತೆಗೋಲನ್ನು ಮೊದಲ ಸಲ ಓದಿದಾಗ ನಂಬಿಕೆ ಬರಲಿಲ್ಲ. ವಾರದ ಲೆಕ್ಕದಲ್ಲಿ ಏಳು ದಿನಕ್ಕೆ ಒಂದು ತಾಸು ದುಡಿದವನೂ ಉದ್ಯೋಗಿ. ವರ್ಷದ ಲೆಕ್ಕದಲ್ಲಿ, ಹೆಚ್ಚು ಕಾಲ ಕೆಲಸವಿಲ್ಲದೆ ಕಳೆದರೂ 30 ದಿನ ದುಡಿದಿದ್ದರೆ ಅವನೂ ಉದ್ಯೋಗಿಯೇ. ಬೇರೆ ದೇಶಗಳಲ್ಲೂ ಹೆಚ್ಚುಕಡಿಮೆ ಇದೇ ಪದ್ಧತಿಯಿದೆ, ಆದ್ದರಿಂದ ಇದನ್ನು ಮೋಸವೆನ್ನಲಾರೆ. ಈ ಅಳತೆಯಂತೆ 2017-18ರಲ್ಲಿ ಶೇ. 6.1 ಇದ್ದ ದೇಶದ ನಿರುದ್ಯೋಗ 2023-24ಕ್ಕೆ ಶೇ. 3.2ಕ್ಕೆ ಇಳಿದಿದೆ. ಕರ್ನಾಟಕದ್ದು ಇನ್ನೂ ಕಡಿಮೆ. ಕಲ್ಯಾಣ ಕರ್ನಾಟಕದ ಬಸ್ ನಿಲ್ದಾಣಗಳನ್ನು ಬಲ್ಲವರಿಗೆ ಈ ಅಂಕಿ ನುಂಗಲು ಕಷ್ಟ.

ತೊಗರಿ ರಾಶಿ ಮುಗಿದ ಮೇಲೆ ಯಾದಗಿರಿ, ಕಲಬುರಗಿ ಕಡೆಯ ನಿಲ್ದಾಣಗಳಲ್ಲಿ ಒಂದು ರಾತ್ರಿ ಕೂತು ನೋಡಿರಿ. ಗಂಟು, ಕೊಡ, ಹಿಟ್ಟಿನ ಚೀಲ, ಮಡಿಲಲ್ಲಿ ಕೂಸು. ಬೆಂಗಳೂರಿಗೋ ಪುಣೆಗೋ ಮುಂಬಯಿಗೋ ಹೊರಟ ಗುಳೆ. ಮಳೆಯನ್ನೇ ನಂಬಿದ ಒಂದು ಬೆಳೆಯ ಭೂಮಿ ಜನವರಿಯಲ್ಲಿ ಕೈಬಿಟ್ಟರೆ ಮತ್ತೆ ಕರೆಯುವುದು ಜೂನಿನಲ್ಲಿ. ನಡುವಿನ ತಿಂಗಳುಗಳಿಗೆ ಮೇಸ್ತ್ರಿಯಿಂದ ಮುಂಗಡ ತಂದು ಖರ್ಚು ಮಾಡಿಯೂ ಆಗಿರುತ್ತದೆ. ಈ ಮನುಷ್ಯ ಸಮೀಕ್ಷೆಯ ಪ್ರಕಾರ ಉದ್ಯೋಗಿ, ನಿಜವಾಗಿಯೂ ಅವನು ದುಡಿಯುತ್ತಿದ್ದಾನೆ. ಸುಮ್ಮನೆ ಕೂತು ನೌಕರಿ ಹುಡುಕಬೇಕಾದರೆ ಮನೆಯಲ್ಲಿ ಜೋಳವಿರಬೇಕು. ಅವನಿಗೆ ನಿರುದ್ಯೋಗಿಯಾಗುವ ಶಕ್ತಿಯೇ ಇಲ್ಲ.

ಹೆಣ್ಣುಮಕ್ಕಳ ಲೆಕ್ಕವೂ ಹೀಗೆಯೇ. ದುಡಿಮೆಯಲ್ಲಿ ಅವರ ಪಾಲು ಇದೇ ಅವಧಿಯಲ್ಲಿ ಶೇ. 23.3ರಿಂದ 41.7ಕ್ಕೆ ಏರಿದೆ ಎಂದು ಹರ್ಷಿಸುತ್ತೇವೆ. ಹೀಗೆ ಲೆಕ್ಕಕ್ಕೆ ಬಂದವರಲ್ಲಿ ಬಹಳ ಮಂದಿ ಸ್ವಂತ ಹೊಲದಲ್ಲಿ, ಮನೆಯ ಅಂಗಡಿಯಲ್ಲಿ ಸಂಬಳವಿಲ್ಲದೆ ದುಡಿಯುವವರು.

ತುಂಗಭದ್ರಾ ಎಡದಂಡೆ ಕಾಲುವೆಯನ್ನು ಬಲ್ಲವರಿಗೆ ಇನ್ನೊಂದು ಸಂಗತಿ ಗೊತ್ತು. ಮೇಲ್ಭಾಗದ ಊರುಗಳಲ್ಲಿ ಭತ್ತದ ನಾಟಿಗೆ ಆಳು ಸಿಗದೆ ಹೊರಗಿನಿಂದ ಕರೆಸುತ್ತಾರೆ. ಅದೇ ಕಾಲುವೆಯ ಕೊನೆ ಭಾಗದಲ್ಲಿ, ಮಾನ್ವಿ, ರಾಯಚೂರು ಕಡೆ, ನೀರು ಮುಟ್ಟದ ವರ್ಷ ಗುಳೆ ಹೆಚ್ಚುತ್ತದೆ. ಕೊನೆಯ ತೂಬಿಗೆ ನೀರು ಮುಟ್ಟಿಸುವುದು ಯಾವ ಉದ್ಯೋಗ ಮೇಳಕ್ಕಿಂತಲೂ ದೊಡ್ಡ ಉದ್ಯೋಗ ಯೋಜನೆ. ನಿವೃತ್ತನಾದ ಮೇಲೆ ಇದನ್ನು ಧೈರ್ಯವಾಗಿ ಹೇಳುತ್ತಿದ್ದೇನೆ. ಕುರ್ಚಿಯಲ್ಲಿದ್ದಾಗ ಇಷ್ಟು ಗಟ್ಟಿಯಾಗಿ ಹೇಳಲಿಲ್ಲ.

ಹಾಗಾದರೆ ಕಡತದಲ್ಲಿ ನಿರುದ್ಯೋಗಿ ಎಂದು ಬರೆಸಿಕೊಳ್ಳುವವನು ಯಾರು? ಓದಿದವನು. ಅಕ್ಷರ ಬಾರದವರಲ್ಲಿ ನಿರುದ್ಯೋಗ ಹೆಚ್ಚುಕಡಿಮೆ ಸೊನ್ನೆ, ಪದವೀಧರರಲ್ಲಿ ಶೇ. 10ಕ್ಕೂ ಮೇಲೆ. ಈ ಮಾತು ನಮ್ಮ ಮನೆಗಳಿಗೇ ಬರುತ್ತದೆ. ನನ್ನ ತಮ್ಮನ ಮಗ ಸಿವಿಲ್ ಎಂಜಿನಿಯರಿಂಗ್ ಮುಗಿಸಿ ಧಾರವಾಡದಲ್ಲಿ ಕೋಣೆ ಹಿಡಿದು ಏಳು ವರ್ಷ ಸ್ಪರ್ಧಾತ್ಮಕ ಪರೀಕ್ಷೆಗೆ ಓದಿದ. ಎರಡನೆಯ ವರ್ಷ ಒಂದು ಕಟ್ಟಡ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. "ದೊಡ್ಡಪ್ಪಾ, ಹೋಗಲೇನ್ರಿ?" ಎಂದು ಫೋನು ಮಾಡಿದ. "ಖಾಸಗಿಯವರ ಭರವಸೆ ಏನೋ ತಮ್ಮಾ? ಇನ್ನೊಂದು ವರ್ಷ ತಡಿ, ಸರ್ಕಾರಿ ನೌಕರಿಯೇ ನೌಕರಿ" ಎಂದವನು ನಾನು. ಪಿಂಚಣಿ ತಿನ್ನುವವನ ಬಾಯಿಂದ ಸುಲಭವಾಗಿ ಬಂದ ಮಾತು. ಆ ಒಂದು ವರ್ಷ ಐದಾಯಿತು.

ಇಂಥ ಹುಡುಗರ ಕಾಯುವಿಕೆ ಹೇಗಿರುತ್ತದೆ ನೋಡಿರಿ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆದು, ಅಕ್ರಮ ಬಯಲಾಗಿ, 2022ರ ಏಪ್ರಿಲಿನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದವನ ಎರಡು ವರ್ಷಗಳನ್ನು ಯಾರು ತಿರುಗಿ ಕೊಟ್ಟರು? ವಯೋಮಿತಿ ಮಾತ್ರ ಯಾರಿಗೂ ಕಾಯುವುದಿಲ್ಲ. 371(ಜೆ) ಹೋರಾಟದಿಂದ ಬಂದ ಹಕ್ಕು, ಅದರಿಂದ ನಮ್ಮ ಭಾಗದ ಅನೇಕ ಮಕ್ಕಳಿಗೆ ಸೀಟು, ನೌಕರಿ ಸಿಕ್ಕಿವೆ. ಆದರೆ ಮೀಸಲಾತಿ ಇರುವ ಹುದ್ದೆಯನ್ನು ಹಂಚುತ್ತದೆ. ಇಲ್ಲದ ಹುದ್ದೆಯನ್ನು ಹುಟ್ಟಿಸುವುದಿಲ್ಲ, ಖಾಲಿ ಬಿದ್ದದ್ದನ್ನು ತಾನಾಗಿ ತುಂಬುವುದೂ ಇಲ್ಲ. ಯುವನಿಧಿಯ ತಿಂಗಳ 3000 ರೂಪಾಯಿ ಕೋಣೆ ಬಾಡಿಗೆಗೆ ಆದೀತು, ಅದೂ ಎರಡು ವರ್ಷದ ಮಟ್ಟಿಗೆ. ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳಾಗಲಿ, ಶಕ್ತಿನಗರದ ವಿದ್ಯುತ್ ಸ್ಥಾವರವಾಗಲಿ ಹೂಡಿದ ಹಣಕ್ಕೆ ಹೋಲಿಸಿದರೆ ಕೊಡುವ ಕೆಲಸ ಕಡಿಮೆ.

ಇನ್ನು ನಮ್ಮ ಮಾತು. ಮಾಚಿದೇವ, ಹರಳಯ್ಯ, ನುಲಿಯ ಚಂದಯ್ಯರ ಚಿತ್ರಗಳಿಗೆ ಹೂವು ಏರಿಸುತ್ತೇವೆ. ಕನ್ಯೆ ನೋಡಲು ಹೋದಾಗ ಹುಡುಗ ಎಲೆಕ್ಟ್ರಿಷಿಯನ್ ಎಂದರೆ ಚಹಾ ಕೂಡ ತಣ್ಣಗಾಗುತ್ತದೆ. ಹತ್ತು ಎಕರೆ ಹೊಲವಿದ್ದು ತಾನೇ ಉಳುವವನಿಗೂ ಹೆಣ್ಣು ಸಿಗುವುದಿಲ್ಲ. ಕಾಯುತ್ತ ಕೂತವನಿಗಾದರೆ "ತಯಾರಿ ನಡಸ್ಯಾನ" ಎಂಬ ಮರ್ಯಾದೆಯಿದೆ. ಹುಡುಗರು ಕೂರುವುದನ್ನು ಕಲಿತದ್ದು ಸೋಮಾರಿತನದಿಂದಲ್ಲ, ನಾವು ಕೊಟ್ಟ ಈ ಮರ್ಯಾದೆಯಿಂದ.

ನಮ್ಮ ಮಠಗಳು ಅನ್ನ, ಅಕ್ಷರ ಕೊಟ್ಟು ಲಕ್ಷಾಂತರ ಮಕ್ಕಳನ್ನು ಮೇಲೆತ್ತಿವೆ. ನಾನೂ ಉಚಿತ ಪ್ರಸಾದ ನಿಲಯದ ಅನ್ನ ಉಂಡು ಓದಿದವನೇ. ಆ ಋಣದಿಂದಲೇ ಪೂಜ್ಯರಲ್ಲಿ ಒಂದು ಬಿನ್ನಹ. ಮಠದ ಸಂಸ್ಥೆಗಳ ಪ್ರತಿ ಎಂಜಿನಿಯರಿಂಗ್, ಡಿಪ್ಲೊಮಾ, ಐಟಿಐ ಕಾಲೇಜಿನ ಬಾಗಿಲಲ್ಲಿ ಒಂದು ಫಲಕವಿರಲಿ: ಮೂರು ವರ್ಷದ ಹಿಂದೆ ಮುಗಿಸಿದವರು ಎಷ್ಟು, ಈಗ ಯಾವ ಕೆಲಸದಲ್ಲಿದ್ದಾರೆ, ಸಂಬಳವೆಷ್ಟು, ಎಷ್ಟು ಮಂದಿ ಇನ್ನೂ ಕೋಣೆಗಳಲ್ಲಿದ್ದಾರೆ. ಫಲಿತಾಂಶದ ಶೇಕಡಾವಾರು ಹಾಕುವ ಗೋಡೆಯ ಮೇಲೆಯೇ ಇದಕ್ಕೂ ಜಾಗವಿದೆ. ಗುಳೆ ಹೋದವರ ಮಕ್ಕಳನ್ನು ಆ ಐದು ತಿಂಗಳು ಪ್ರಸಾದ ನಿಲಯದಲ್ಲಿ ಇಟ್ಟುಕೊಳ್ಳುವುದೂ ಆಗಬೇಕು. ಅದಕ್ಕೆ ಜಾತಿ ಕೇಳಬಾರದು ಎಂದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ.

ತಮ್ಮನ ಮಗ ಹೋದ ತಿಂಗಳು ಕೋಣೆ ಖಾಲಿ ಮಾಡಿ ಊರಿಗೆ ಬಂದ. ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದಾನೆ. ಸಂಬಂಧಕ್ಕೆ ಕಳಿಸುವ ಬಯೋಡಾಟಾದಲ್ಲಿ ಉದ್ಯೋಗದ ಜಾಗವನ್ನು ಅವನ ಅವ್ವ ಇನ್ನೂ ಖಾಲಿ ಬಿಟ್ಟಿದ್ದಾಳೆ. ಅಲ್ಲಿ ಏನು ಬರೆಯಬೇಕೆಂದು ನನ್ನನ್ನೇ ಕೇಳಿದ್ದಾಳೆ.